ದೆವ್ವದ ಪುಸ್ತಕ, ಮದುವೆ ಕಾರ್ಡಿನ ಅಂಗಡಿ: ಕಲಬುರಗಿಯ ಒಂದು ಪ್ರಿಂಟಿಂಗ್ ಅಂಗಡಿಯ ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ಕಪ್ಪು ಬಿಳುಪಿನ ಒಳಪುಟ, ಪಿನ್ ಹೊಡೆದ ಸಣ್ಣ ಪುಸ್ತಕ, ನೂರು ಪ್ರತಿ. ಇಷ್ಟು ಬೇಕಾದವರಿಗೆ ಕಲಬುರಗಿಯಲ್ಲಿ ನಾನು ನೋಡಿದ ಅಂಗಡಿಗಳಲ್ಲಿ ಇದೇ ಒಳ್ಳೆಯದು. ಒಳಗೂ ಬಣ್ಣ ಬೇಕು, ದಪ್ಪ ಪುಸ್ತಕಕ್ಕೆ ಗಮ್ ಬೈಂಡಿಂಗ್ ಬೇಕು ಅನ್ನುವವರು ಬೇರೆ ಕಡೆ ನೋಡಿ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ದೇವರ ಹೆಸರಿನಲ್ಲಿ ಹೋಯಿತು. ಅದನ್ನು ಮುಂದೆ ಹೇಳುತ್ತೇನೆ.

ಅಂಗಡಿ ಇರುವುದು ಸೂಪರ್ ಮಾರ್ಕೆಟ್ ಹತ್ತಿರ, ಮದುವೆ ಕಾರ್ಡು ಮಾಡಿಕೊಡುವವರ ನಡುವೆ. ಹೆಸರು ಹಾಕುತ್ತಿಲ್ಲ. ರಿವ್ಯೂ ಬರೀತೀನಿ ಅಂದಾಗ ಮಾಲೀಕರು ಕೈಮುಗಿದರು. ಅವರನ್ನು ನಾವೆಲ್ಲ ಕಾಕಾ ಅಂತೀವಿ. "ಬರೀರಿ ಅಕ್ಕಾರ, ಬ್ಯಾಡ ಅನ್ನಂಗಿಲ್ಲ. ಖರೇ ಲಗ್ನದ ಸೀಸನ್ನದಾಗ ದೆವ್ವದ ಜೋಡಿ ನಮ್ ಅಂಗಡಿ ಹೆಸರು ಬ್ಯಾಡ್ರಿ" ಅಂದರು. ಅವರ ಮಾತೂ ನ್ಯಾಯವೇ. ನಿಜವಾಗಿ ಪುಸ್ತಕ ಮಾಡಿಸುವವರು ನನಗೆ ಮೆಸೇಜ್ ಮಾಡಿ, ದಾರಿ ಹೇಳುತ್ತೇನೆ.

ನನ್ನ ಬಗ್ಗೆ ಸ್ವಲ್ಪ ಹೇಳದಿದ್ದರೆ ಈ ರಿವ್ಯೂ ಯಾರಿಗೆ ಉಪಯೋಗ ಅಂತ ಗೊತ್ತಾಗುವುದಿಲ್ಲ. ಹಗಲು ಒಂದು ಟ್ಯಾಕ್ಸ್ ಆಫೀಸಿನಲ್ಲಿ ಕೂತು ಜಿಎಸ್‌ಟಿ ರಿಟರ್ನ್ ತುಂಬುತ್ತೇನೆ. ರಾತ್ರಿ ದೆವ್ವದ ಕಥೆ ಬರೆಯುತ್ತೇನೆ, ಚಿತ್ರವನ್ನೂ ನಾನೇ ಬಿಡಿಸುತ್ತೇನೆ. ರಿಟರ್ನಿನ ಗಡುವು ಬರುವ ತಿಂಗಳ 20ನೇ ತಾರೀಖಿನ ಆಸುಪಾಸು ಮಾತ್ರ ಯಾವ ದೆವ್ವದ ಕೈಗೂ ಸಿಗುವುದಿಲ್ಲ. ಹುಟ್ಟಿದ್ದು ಬೀದರಿನಲ್ಲಿ, ಈಗ ಇರುವುದು ಕಲಬುರಗಿಯಲ್ಲಿ. ಮೊಬೈಲಿನಲ್ಲಿ ಕಥೆ ಹಾಕುತ್ತಾ ಬಂದೆ, ಓದುವವರು ಸಿಕ್ಕರು. ಯೂಟ್ಯೂಬಿನಲ್ಲಿ ಭಯದ ಕಥೆ ಹೇಳುವ ಚಾನೆಲ್‌ಗಳಿಗೆ ಥಂಬ್‌ನೇಲ್ ಬಿಡಿಸಿಕೊಡುತ್ತೇನೆ. ಅದರಿಂದ ಕೈಖರ್ಚಿಗೆ ಬರುತ್ತದೆ. ಆದರೆ ಥಂಬ್‌ನೇಲ್ ಬಿಡಿಸಿ ಬಿಡಿಸಿ ಸಾಕಾಗಿತ್ತು. ಎಲ್ಲರಿಗೂ ಕೆಂಪು ಕಣ್ಣೇ ಬೇಕು, ಬಿಚ್ಚಿದ ಕೂದಲೇ ಬೇಕು. ನನ್ನ ಕಥೆ, ನನ್ನ ಚಿತ್ರ, ನಾನು ಅಂದುಕೊಂಡ ಕ್ರಮದಲ್ಲಿ ಜನರ ಕೈಗೆ ಹೋಗಬೇಕು ಅಂದರೆ ಪುಸ್ತಕವೇ ಆಗಬೇಕು ಅನ್ನಿಸಿತು.

ಕಥೆ ನಡೆಯುವುದು ಬೀದರಿನ ನೆಲದ ಕೆಳಗೆ. ಬಹಮನಿ ಕಾಲದ ಕರೇಜ್ ಗೊತ್ತಲ್ವಾ? ನೆಲದೊಳಗೆ ಸುರಂಗ ಕೊರೆದು ನೀರು ಹರಿಸಿದ್ದಾರೆ. ಅಲ್ಲಲ್ಲಿ ಮೇಲಿನಿಂದ ಬಾವಿಯ ಥರ ಗಾಳಿಕಂಡಿ ಬಿಟ್ಟಿದ್ದಾರೆ. ಪರ್ಷಿಯಾದಿಂದ ಬಂದ ಕಸುಬು ಅದು. ನೌಬಾದ್ ಕಡೆ ಹೋದರೆ ಈಗಲೂ ಆ ಕಂಡಿಗಳನ್ನು ನೋಡಬಹುದು. ಝರಣಿ ನರಸಿಂಹ ಗುಹೆಗೆ ಹೋದವರಿಗೆ ಇನ್ನೂ ಬೇಗ ಅರ್ಥವಾಗುತ್ತದೆ. ಎದೆಮಟ್ಟದ ನೀರು, ತಲೆ ಮೇಲೆ ಬಾವಲಿ, ಮುಂದೆ ಹೋಗುವವರ ಬೆನ್ನು. ಅಲ್ಲಿ ಭಕ್ತಿ ಜೊತೆಗಿರುತ್ತದೆ, ಅದಕ್ಕೇ ಯಾರಿಗೂ ಭಯವಾಗುವುದಿಲ್ಲ. ಆ ಭಕ್ತಿಯನ್ನು ಪಕ್ಕಕ್ಕಿಟ್ಟರೆ ಏನು ಉಳಿಯುತ್ತದೆ ಅನ್ನುವುದೇ ನನ್ನ ಕಥೆ. ಹಾಗಾಗಿ ಚಿತ್ರಗಳಲ್ಲಿ ಮುಕ್ಕಾಲು ಭಾಗ ಬರೀ ಕಪ್ಪು.

ಕಪ್ಪು ಅಂದರೆ ಎಲ್ಲರೂ ಸುಲಭ ಅಂದುಕೊಳ್ಳುತ್ತಾರೆ. ಪ್ರಿಂಟಿಂಗ್‌ನಲ್ಲಿ ಅದರಷ್ಟು ಕಷ್ಟ ಬೇರೆ ಇಲ್ಲ. ಬೇರೆ ಅಂಗಡಿಗಳಲ್ಲಿ ಸ್ಯಾಂಪಲ್ ತೆಗೆಸಿದಾಗ ಒಂದು ಕಡೆ ಬೂದಿ ಬಣ್ಣ ಬಂತು. ಇನ್ನೊಂದು ಕಡೆ ಕಪ್ಪಿನ ಮಧ್ಯೆ ಉದ್ದುದ್ದ ಪಟ್ಟೆ. ಮತ್ತೊಂದು ಕಡೆ ಹಾಳೆ ಎಷ್ಟು ತೆಳು ಅಂದರೆ ಹಿಂದಿನ ಪುಟದ ದೆವ್ವ ಮುಂದಿನ ಪುಟದ ಅಕ್ಷರಗಳ ನಡುವೆ ಕಾಣುತ್ತಿತ್ತು. ಕಥೆಗಿಂತ ಮೊದಲೇ ದೆವ್ವ ಬಂದು ಕೂತರೆ ನಾನು ಬರೆದು ಏನು ಪ್ರಯೋಜನ?

ಈ ಅಂಗಡಿಗೆ ಹೋದಾಗ ನನ್ನ ಚೀಲದಲ್ಲಿ ಒಂದು ಬಿದ್ರಿ ಡಬ್ಬಿ ಇತ್ತು. ಅದನ್ನು ಕೌಂಟರ್ ಮೇಲಿಟ್ಟು "ಇಂಥ ಕಪ್ಪು ಬೇಕು" ಅಂದೆ. ಬಿದ್ರಿ ಕೆಲಸ ನೋಡಿದವರಿಗೆ ಗೊತ್ತು. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಕೆತ್ತಿದ ಜಾಗದಲ್ಲಿ ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಮಣ್ಣಿಗೆ ನವಸಾಗರ ಕಲಸಿ ಬಿಸಿಯಾದ ಪಾತ್ರೆಗೆ ತಿಕ್ಕುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಯಾವ ಮಣ್ಣು ಆಗುತ್ತದೆ ಅಂತ ಕಸುಬುದಾರರು ನಾಲಿಗೆಗೆ ಹಚ್ಚಿ ನೋಡುತ್ತಾರೆ. ಆ ಕಪ್ಪಿನಲ್ಲಿ ಹೊಳಪಿಲ್ಲ, ಆಳ ಇದೆ.

ಇಂಥ ಮಾತಿಗೆ ಬೇರೆ ಅಂಗಡಿಯವರು ನಕ್ಕುಬಿಡುತ್ತಿದ್ದರೇನೋ. ಇಲ್ಲಿನ ಆಪರೇಟರ್ ಹುಡುಗ ಡಬ್ಬಿಯನ್ನು ಕೈಯಲ್ಲಿ ಹಿಡಿದು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದ. "ಅಕ್ಕಾ, ಇದು ಮಷಿನ್ನಿಂದ ಬರಂಗಿಲ್ಲ. ಖರೇ ಇದರ ಹತ್ರ ಹೋಗಬಹುದು. ಹಾಳಿ ಮ್ಯಾಲ ಅದ ಎಲ್ಲಾ" ಅಂದ. ಆಮೇಲೆ ಒಂದೇ ಚಿತ್ರವನ್ನು ನಾಲ್ಕಾರು ಥರದ ಹಾಳೆ ಮೇಲೆ ತೆಗೆದು ಸಾಲಾಗಿ ಇಟ್ಟ. ದುಡ್ಡು ಕೇಳಲಿಲ್ಲ. ನನ್ನ ನಾಲ್ಕು ಸ್ಟಾರ್‌ನಲ್ಲಿ ಎರಡು ಅವನಿಗೇ.

ಅವನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತೇನೆ, ನಿಮಗೂ ಬೇಕಾಗಬಹುದು. ಝೆರಾಕ್ಸ್‌ಗೆ ಬಳಸುವ 70 ಜಿಎಸ್‌ಎಮ್ (ಅಂದರೆ ಒಂದು ಚದರ ಮೀಟರ್ ಹಾಳೆ ಇಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ಹಾಳೆ ಚಿತ್ರದ ಪುಸ್ತಕಕ್ಕೆ ಆಗುವುದೇ ಇಲ್ಲ, ಕಪ್ಪು ಹಿಂದಕ್ಕೆ ಕಾಣುತ್ತದೆ. ಆರ್ಟ್ ಪೇಪರ್ ಮೇಲೆ ಕಪ್ಪು ಗಾಢವಾಗಿ ಬರುತ್ತದೆ, ಆದರೆ ರಾತ್ರಿ ದೀಪದ ಕೆಳಗೆ ಓದಿದರೆ ಹೊಳೆದು ಕಣ್ಣಿಗೆ ಹೊಡೆಯುತ್ತದೆ. ದೆವ್ವದ ಕಥೆಯನ್ನು ಜನ ರಾತ್ರಿ ತಾನೇ ಓದುವುದು? ಕೊನೆಗೆ 100 ಜಿಎಸ್‌ಎಮ್ ಮ್ಯಾಪ್ಲಿಥೋ, ಅಂದರೆ ಹೊಳಪಿಲ್ಲದ ಹಾಳೆ, ಸ್ವಲ್ಪ ಕೆನೆ ಬಣ್ಣದ್ದು, ಅಂತ ಇಬ್ಬರೂ ಒಪ್ಪಿಕೊಂಡೆವು. ಮಷಿನ್ನಿನಲ್ಲಿ ಟೋನರ್, ಅಂದರೆ ಇಂಕಿನ ಪುಡಿ, ಉಳಿಸುವ ಸೆಟ್ಟಿಂಗ್ ಒಂದಿರುತ್ತದೆ. ತುಂಬ ಅಂಗಡಿಗಳಲ್ಲಿ ಅದು ಸದಾ ಆನ್ ಇರುತ್ತದೆ, ನಾವು ಕೇಳಿ ಆಫ್ ಮಾಡಿಸಬೇಕು. ಇವನು ನಾನು ಕೇಳುವ ಮೊದಲೇ ಆಫ್ ಮಾಡಿದ್ದ.

ಪುಟದ ಅಂಚಿನವರೆಗೂ ಕಪ್ಪು ಬೇಕಿದ್ದರೆ ಎ4 ಹಾಳೆಯಲ್ಲಿ ಆಗುವುದಿಲ್ಲ. ಮಷಿನ್ ಸುತ್ತಲೂ ಸ್ವಲ್ಪ ಬಿಳಿ ಬಿಟ್ಟೇ ಬಿಡುತ್ತದೆ. ದೊಡ್ಡ 13×19 ಇಂಚಿನ ಹಾಳೆಯಲ್ಲಿ ತೆಗೆದು ಆಮೇಲೆ ಕತ್ತರಿಸಬೇಕು. ಫೈಲ್ ಮಾಡುವಾಗಲೇ ಚಿತ್ರವನ್ನು ನಾಲ್ಕೂ ಕಡೆ 3 ಮಿಲಿಮೀಟರ್ ಹೊರಗೆ ಎಳೆದಿರಬೇಕು. ಪಿನ್ ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಲೆಕ್ಕದಲ್ಲಿ ಇರಬೇಕು. ನನ್ನದು 48.

ಮುಖಪುಟ ಬಣ್ಣದ್ದು, ಅದರ ಕಪ್ಪಿಗೆ ಬೇರೆ ಲೆಕ್ಕ. ಬರೀ ಕಪ್ಪು ಇಂಕನ್ನು ನೂರಕ್ಕೆ ನೂರು ಕೊಟ್ಟರೂ ದೊಡ್ಡ ಜಾಗದಲ್ಲಿ ಅದು ತೊಳೆದ ಬಟ್ಟೆಯ ಥರ ಮಾಸಿ ಕಾಣುತ್ತದೆ. ಜೊತೆಗೆ ನೀಲಿ, ಗುಲಾಬಿ, ಹಳದಿ ಇಂಕುಗಳನ್ನೂ ಸ್ವಲ್ಪ ಸ್ವಲ್ಪ ಬೆರೆಸಬೇಕು. ಅಕ್ಷರಗಳಿಗೆ ಮಾತ್ರ ಆ ಬೆರಕೆ ಬೇಡ. ನಾಲ್ಕು ಇಂಕು ಕೂದಲೆಳೆ ಜರುಗಿದರೂ ಒತ್ತಕ್ಷರದ ಸುತ್ತ ಬಣ್ಣದ ನೆರಳು ಬರುತ್ತದೆ. ಇವರು ಮೊದಲ ಸ್ಯಾಂಪಲ್‌ನಲ್ಲೇ ಸರಿ ಮಾಡಿದ್ದರು. ದಿನಾ ಕಡುಗೆಂಪು ಕಾರ್ಡಿನ ಮೇಲೆ ಬಂಗಾರದ ಅಕ್ಷರ ಕೂರಿಸುವವರಿಗೆ ಇದೆಲ್ಲ ಹೊಸದೇನಲ್ಲ.

ಮಡಿಸುವ ಜಾಗದಲ್ಲಿ ಟೋನರ್ ಒಡೆದು ಬಿಳಿ ಗೆರೆ ಬೀಳುವುದು ಡಿಜಿಟಲ್ ಪ್ರಿಂಟ್‌ಗೆ ಅಂಟಿದ ರೋಗ. ಕಪ್ಪು ಮುಖಪುಟಕ್ಕಂತೂ ಅದು ಎದ್ದು ಕಾಣುತ್ತದೆ. ಇಲ್ಲಿ ಮೊದಲು ಮ್ಯಾಟ್ ಲ್ಯಾಮಿನೇಷನ್ ಹಾಕಿ, ಕ್ರೀಸಿಂಗ್ ಮಾಡಿ (ಮಡಿಸುವ ಜಾಗದಲ್ಲಿ ಮೊದಲೇ ಗೆರೆ ಒತ್ತಿ), ಆಮೇಲೆ ಮಡಿಸುತ್ತಾರೆ. ಬೆನ್ನು ಒಡೆಯಲಿಲ್ಲ. ಆದರೆ ಮ್ಯಾಟ್ ಮೇಲೆ ಬೆರಳಚ್ಚು ಉಳಿಯುತ್ತದೆ, ಉಗುರು ತಾಗಿದರೂ ಗೀರು ಬೀಳುತ್ತದೆ. ಟೇಬಲ್ ಮೇಲೆ ಹತ್ತು ಜನ ಮುಟ್ಟಿ ನೋಡಿದ ಪ್ರತಿಯನ್ನು ಹನ್ನೊಂದನೆಯವರು ಕೊಳ್ಳುವುದಿಲ್ಲ. ಒಂದು ಪ್ರತಿಯನ್ನು "ನೋಡಲಿಕ್ಕೆ ಮಾತ್ರ" ಅಂತ ಬರೆದು ಇಟ್ಟುಬಿಡಿ.

ಇನ್ನು ಹೋದ ಸ್ಟಾರ್ ಕಥೆ.

ಭಯದ ಪುಸ್ತಕಕ್ಕೆ ಪುಟ ತಿರುಗಿಸುವುದೇ ಜೀವ. ಬೆಸ ಸಂಖ್ಯೆಯ ಪುಟ ಬಲಗಡೆ ಇರುತ್ತದೆ. ಅಲ್ಲಿ ಹುಡುಗಿ ಗಾಳಿಕಂಡಿಯಲ್ಲಿ ಬಗ್ಗಿ ನೋಡುತ್ತಾಳೆ. ಓದುವವರು ಹಾಳೆ ತಿರುಗಿಸುತ್ತಾರೆ. ಸಮ ಸಂಖ್ಯೆಯ ಪುಟ, ಎಡಗಡೆ, ಅಲ್ಲಿ ಅವಳು ಕಂಡದ್ದು ಇರುತ್ತದೆ. ಇಡೀ ಪುಸ್ತಕವನ್ನು ಈ ಲೆಕ್ಕದ ಮೇಲೆ ಕಟ್ಟಿದ್ದೆ. ನನ್ನ ಪುಟಗಳು 47, ಕೊನೆಯಲ್ಲಿ ಒಂದು ಖಾಲಿ.

ಪುಸ್ತಕ ತೆಗೆದುಕೊಳ್ಳಲು ಹೋದೆ. ಒಂದು ಕಟ್ಟು ಆಗಲೇ ಪಿನ್ ಹೊಡೆದು ರೆಡಿಯಾಗಿತ್ತು. ತೆರೆದರೆ ಮೊದಲ ಪುಟದಲ್ಲಿ ದೊಡ್ಡ ಅಕ್ಷರದಲ್ಲಿ "॥ ಶ್ರೀ ಶರಣಬಸವೇಶ್ವರ ಪ್ರಸನ್ನ ॥". ಸುತ್ತ ಬಳ್ಳಿಯ ಅಂಚು. ಮದುವೆ ಕಾರ್ಡಿಂದಲೇ ಎತ್ತಿ ಹಾಕಿದ್ದು. ಕೊನೆಯ ಖಾಲಿ ಪುಟ ಸುಮ್ನೆ ಯಾಕೆ ದಂಡ ಅಂತ ಅದನ್ನು ಮುಂದಕ್ಕೆ ತಂದು ಕಾಕಾ ಇದನ್ನು ಹಾಕಿಸಿದ್ದರು.

"ಪುಸ್ತಕ ಅಂದಮ್ಯಾಲ ಮೊದಲು ಅಪ್ಪನ ಹೆಸರು ಬ್ಯಾಡೇನ್ರಿ? ಅದೂ ಇಂಥ ಪುಸ್ತಕಕ್ಕ?" ಅಂದರು. ಅಪ್ಪ ಅಂದರೆ ಕಲಬುರಗಿಯ ಜನ ನಡೆದುಕೊಳ್ಳುವ ಶರಣಬಸವೇಶ್ವರರು.

ಎಲ್ಲಾ ಪುಟವೂ ಒಂದೊಂದು ಮುಂದೆ ಜರುಗಿತ್ತು. ಹುಡುಗಿ ಎಡಗಡೆ ಬಗ್ಗಿ ನೋಡುತ್ತಿದ್ದಾಳೆ. ಅವಳು ನೋಡಬೇಕಾದದ್ದು ಬಲಗಡೆ ಅವಳನ್ನೇ ನೋಡುತ್ತಾ ನಿಂತಿದೆ. ಭಯ ಹೋಗಿ ಅದು ಫ್ಯಾಮಿಲಿ ಫೋಟೋ ಆಗಿತ್ತು. ನನಗೆ ಅಳು ಬರುವುದೊಂದು ಬಾಕಿ. ಹಾಗಂತ ಶರಣಬಸವೇಶ್ವರರ ಹೆಸರು ತೆಗೀರಿ ಅಂತ ಕಲಬುರಗಿಯಲ್ಲಿ ನಿಂತು ಹೇಳುವುದು ಹೇಗೆ?

ಕಾಕಾಗೆ ಪುಟ ತಿರುಗಿಸಿ ತೋರಿಸಿದೆ. ಮೊದಲು ಸರಿಯಾದ ಸ್ಯಾಂಪಲ್, ಆಮೇಲೆ ಈ ಪ್ರತಿ. ಸ್ಯಾಂಪಲ್ ತಿರುಗಿಸಿದಾಗ ಅವರ ಕೈ ಒಂದು ಕ್ಷಣ ನಿಂತಿತು. "ಹಾಂ... ಇದು ಹಿಂಗದ ಏನು" ಅಂದರು. ಆಮೇಲೆ ವಾದ ಮಾಡಲೇ ಇಲ್ಲ. ಆ ಕಟ್ಟಿನ ಹಾಳೆ ಖರ್ಚು ತಮ್ಮದೇ ಅಂದರು. ಅಪ್ಪನ ಹೆಸರು ಮುಖಪುಟದ ಒಳಮೈಗೆ ಹೋಯಿತು, ಸಣ್ಣ ಅಕ್ಷರದಲ್ಲಿ, ಬಳ್ಳಿ ಇಲ್ಲದೆ. ಅಲ್ಲಿದ್ದರೆ ಪುಟದ ಲೆಕ್ಕ ಕೆಡುವುದಿಲ್ಲ. ಈಗ ಓದಿದವರು ಕೆಲವರು ಅದೂ ಕಥೆಯ ಭಾಗ ಅಂದುಕೊಂಡಿದ್ದಾರೆ. ನಾನು ತಿದ್ದಲು ಹೋಗಿಲ್ಲ.

ಆದರೂ ಸ್ಟಾರ್ ಕಡಿಮೆ ಮಾಡಿದ್ದೇನೆ. ಒಪ್ಪಿದ ಸ್ಯಾಂಪಲ್ ಬಿಟ್ಟು ಒಂದು ಚುಕ್ಕೆ ಬದಲಾಯಿಸುವುದಿದ್ದರೂ ಗಿರಾಕಿಗೆ ಫೋನ್ ಮಾಡಬೇಕು. ನೀವು ಹೋದರೆ ಸ್ಯಾಂಪಲ್ ಪ್ರತಿಯ ಮೇಲೆ ಸಹಿ ಹಾಕಿ, "ಹೀಗೇ ಇರಲಿ, ಪುಟ ಜರುಗಿಸಬೇಡಿ" ಅಂತ ಬರೆದು ಕೊಡಿ. ಎರಡನೇ ಪುಸ್ತಕಕ್ಕೆ ನಾನು ಹಾಗೇ ಮಾಡಿದೆ.

ಇನ್ನೊಂದು ನಿಯಮವೂ ಇದೆ, ಬೋರ್ಡಿನಲ್ಲಿ ಬರೆದಿಲ್ಲ. ಅಮಾವಾಸ್ಯೆ ದಿನ ಮಷಿನ್ನಿಗೆ ಪೂಜೆ ಮಾಡಿ ನಿಂಬೆಹಣ್ಣು ಇಡುತ್ತಾರೆ. "ಅಮಾಸಿ ದಿನ ನಿಮ್ದು ಹಾಕಂಗಿಲ್ರಿ" ಅಂತ ಕಾಕಾ ಖಡಾಖಂಡಿತವಾಗಿ ಹೇಳಿದ್ದಾರೆ. ಅಮಾವಾಸ್ಯೆ ದಿನ ಪುಸ್ತಕ ಬಿಡುಗಡೆ ಮಾಡುವ ಪ್ಲಾನ್ ಇದ್ದವರು ನಾಲ್ಕು ದಿನ ಮೊದಲೇ ಕೊಟ್ಟಿರಿ. ನನ್ನ ಫೈಲಿನಲ್ಲಿರುವ ಎಲ್ಲಾ ದೆವ್ವಗಳಿಗಿಂತ ಜಾಸ್ತಿ ನಂಬಿಕೆ ಆ ಅಂಗಡಿಯಲ್ಲಿದೆ. ಬರೆಯುವವಳಾಗಿ ನನಗೆ ಅದು ಖುಷಿಯೇ.

ಕನ್ನಡ ಅಕ್ಷರದ ವಿಷಯ ಗಮನಿಸಿ. ನಮ್ಮ ಕಡೆ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಪೇಜ್‌ಮೇಕರ್ ಅನ್ನುವ ಹಳೆಯ ಪುಟ ಕಟ್ಟುವ ಸಾಫ್ಟ್‌ವೇರ್ ಓಡುತ್ತದೆ. ಈಗ ಮೊಬೈಲಿನಲ್ಲೆಲ್ಲ ಬಳಸುವ ಯುನಿಕೋಡ್ ಅಕ್ಷರ ಅದಕ್ಕೆ ಗೊತ್ತಿಲ್ಲ. ಮೊಬೈಲಿನಲ್ಲಿ ಟೈಪ್ ಮಾಡಿದ ಕಥೆಯನ್ನು ಅಲ್ಲಿ ಪೇಸ್ಟ್ ಮಾಡಿದರೆ ಅಕ್ಷರದ ಬದಲು ಚೌಕವೋ ಪ್ರಶ್ನೆ ಚಿಹ್ನೆಯೋ ಬರುತ್ತದೆ. ಹಳೆಯ ಫಾಂಟಿಗೆ ಕನ್ವರ್ಟ್ ಮಾಡಿದರೆ ಒತ್ತಕ್ಷರ, ಅರ್ಕಾವೊತ್ತು ಎಲ್ಲೋ ಹಾರಿ ಹೋಗುತ್ತವೆ, ಮತ್ತೆ ಇಡೀ ಪುಸ್ತಕ ಪ್ರೂಫ್ ನೋಡಬೇಕು. ಈ ಅಂಗಡಿಯಲ್ಲೂ ಅದೇ ಕಥೆ. ಹಾಗಾಗಿ ನೀವೇ ಮನೆಯಲ್ಲಿ ಪುಟ ಕಟ್ಟಿ, ಫಾಂಟ್ ಒಳಗೆ ಸೇರಿಸಿದ ಪಿಡಿಎಫ್ ತೆಗೆದುಕೊಂಡು ಹೋಗಿ. ನಾನು ನೋಟೋ ಸೆರಿಫ್ ಕನ್ನಡ ಬಳಸಿದೆ, ಪುಕ್ಕಟೆ ಸಿಗುತ್ತದೆ. ಅವರ ಕೈಯಲ್ಲಿ ಟೈಪ್ ಮಾಡಿಸುವುದಂತೂ ಬೇಡ. ಕಾರ್ಡಿನ ಒಕ್ಕಣೆಗೆ ಕೈ ಪಳಗಿದವರು, "ಬಂಧು ಮಿತ್ರರು" ಅಂತ ಎಲ್ಲಾದರೂ ಸೇರಿಸಿಬಿಟ್ಟಾರು.

ದುಡ್ಡಿನ ಮಾತು. ನೂರು ಪ್ರತಿಗೆ ಒಂದಕ್ಕೆ 85 ರೂಪಾಯಿಯ ಹತ್ತಿರ ಬಿತ್ತು. ಮುಖಪುಟ, ಲ್ಯಾಮಿನೇಷನ್, ಪಿನ್, ಕಟಿಂಗ್ ಎಲ್ಲಾ ಸೇರಿ. ಆಫ್‌ಸೆಟ್‌ನಲ್ಲಿ ಮಾಡಿಸಿದರೆ ಒಂದು ಪ್ರತಿಯ ಖರ್ಚು ಇಳಿಯುತ್ತದೆ. ಆದರೆ ಅಲ್ಲಿ ಪ್ಲೇಟ್ ಖರ್ಚು ಇರುವುದರಿಂದ ಐನೂರು ಪ್ರತಿಗಿಂತ ಕಡಿಮೆ ಮಾಡಿಸಿದರೆ ಕೈಗೆ ಹತ್ತುವುದಿಲ್ಲ. ಹೊಸಬರ ಮನೆಯಲ್ಲಿ ಮಂಚದ ಕೆಳಗೆ ನಾನೂರು ಪ್ರತಿ ಉಳಿದರೆ ಅದಕ್ಕಿಂತ ದೊಡ್ಡ ದೆವ್ವ ಇಲ್ಲ. ನಾನು 150 ರೂಪಾಯಿ ಬೆಲೆ ಇಟ್ಟೆ. ಪುಸ್ತಕ ನೂರು ಗ್ರಾಂ ಒಳಗೇ ತೂಗುತ್ತದೆ, ಅಂಚೆ ಖರ್ಚು ಭಾರವಾಗಲ್ಲ. ಪುಸ್ತಕ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. ಇದನ್ನು ನಾನು ಹೇಳಿದರೆ ನಂಬಬಹುದು!

ಮೊದಲ ನೂರು ಹೋದದ್ದು ಹೆಚ್ಚಾಗಿ ಇನ್‌ಸ್ಟಾಗ್ರಾಮಿನಲ್ಲಿ ನನ್ನ ಚಿತ್ರ ನೋಡುವವರಿಗೆ. ಸ್ವಲ್ಪ ರಾಜ್ಯೋತ್ಸವಕ್ಕೆ ಕಾಲೇಜೊಂದರಲ್ಲಿ ಹಾಕಿದ ಟೇಬಲ್ಲಿನಲ್ಲಿ. ಅಲ್ಲಿ ಮೇಷ್ಟ್ರೊಬ್ಬರು ಪುಸ್ತಕ ತಿರುವಿ "ಚಂದ ಬರೀತೀರಿ, ಏನಾದರೂ ಒಳ್ಳೇದು ಬರೀರಲ್ಲ" ಅಂದರು. ಅದೇ ಮೇಷ್ಟ್ರು ಎರಡು ಪ್ರತಿ ಕೊಂಡರು. ಹುಡುಗರು ಮುಖಪುಟ ನೋಡಿ ಬಂದು, ಪುಟ ತಿರುಗಿಸಿ, ಪುಸ್ತಕ ಕೆಳಗೆ ಬೀಳಿಸಿದ್ದೂ ಇದೆ. ಆಗ ಕಾಕಾಗೆ ಒಂದು ಫೋನ್ ಮಾಡಿ ಹೇಳಿದೆ. "ನೋಡ್ರಿ, ಅಪ್ಪನ ಹೆಸರು ಅದ ಅಂತ ಇಷ್ಟಕ್ಕ ಮುಗೀತು" ಅಂದರು.

ಇದನ್ನೇ ಕೆಲಸ ಮಾಡಿಕೊಳ್ಳಬೇಕು ಅನ್ನುವವರಿಗೆ ಒಂದು ಮಾತು. ಈ ಅಂಗಡಿ ಪುಸ್ತಕ ಮಾಡಿಕೊಡುತ್ತದೆ, ಅಷ್ಟೇ. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಕೇಳಿದರೆ ಅದೇನು ಅಂತ ನಿಮ್ಮನ್ನೇ ಕೇಳುತ್ತಾರೆ. ಅದನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಏಜೆನ್ಸಿ ಕೊಡುತ್ತದೆ, ಆನ್‌ಲೈನಿನಲ್ಲಿ ಅರ್ಜಿ ಹಾಕಬೇಕು, ಶುಲ್ಕ ಇಲ್ಲ. ಯಾರಾದರೂ "ಐಎಸ್‌ಬಿಎನ್ ಮಾಡಿಸಿಕೊಡ್ತೀವಿ, ಇಷ್ಟು ಸಾವಿರ ಕೊಡಿ" ಅಂದರೆ ಎದ್ದು ಬನ್ನಿ. ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿ ಯುವ ಬರಹಗಾರರ ಚೊಚ್ಚಲ ಕೃತಿಗೆ ಸಹಾಯಧನ ಕೊಡುವ ಯೋಜನೆ ಇದೆ. ಅರ್ಜಿ ಕರೆದಾಗ ಕಣ್ಣಿಟ್ಟಿರಿ, ದೆವ್ವದ ಕಥೆ ಅಂತ ಹಿಂಜರಿಯಬೇಡಿ.

ಮುಂದಿನದು ಕಾದಂಬರಿ. ಅದನ್ನು ಇಲ್ಲಿ ಕೊಡುವುದಿಲ್ಲ. ಪಿನ್ ಹೊಡೆಯುವಷ್ಟು ತೆಳು ಇರುವುದಿಲ್ಲ, ಇವರ ಗಮ್ ಬೈಂಡಿಂಗ್ ಮೇಲೆ ನನಗೆ ನಂಬಿಕೆ ಇಲ್ಲ. ಗೆಳತಿಯೊಬ್ಬಳ ಕವನ ಸಂಕಲನ ಇಲ್ಲೇ ಆದದ್ದು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಗಮ್ ಮೆತ್ತಗಾಗಿ ಕವನಗಳು ಒಂದೊಂದೇ ಕೈಗೆ ಬಂದವು. ಕಾಕಾಗೆ ಇದನ್ನು ಹೇಳಿದೆ. "ಹೊಸ ಮಷಿನ್ ತರೋತನ ದಪ್ಪ ಪುಸ್ತಕ ತಗೋಬ್ಯಾಡಂತ ನಮ್ ಹುಡುಗನೂ ಹೇಳ್ಯಾನ್ರಿ" ಅಂತ ಒಪ್ಪಿಕೊಂಡರು. ಸಣ್ಣ ಕಥೆಗಳ ಸರಣಿ, ಪೋಸ್ಟ್‌ಕಾರ್ಡ್ ಪ್ರಿಂಟು, ಬುಕ್‌ಮಾರ್ಕು ಎಲ್ಲಾ ಇಲ್ಲೇ ಮಾಡಿಸುತ್ತಿದ್ದೇನೆ.

ಹೋಗುವುದಿದ್ದರೆ ಮಧ್ಯಾಹ್ನ ಊಟದ ಹೊತ್ತು ಬಿಟ್ಟು ಹೋಗಿ, ಷಟರ್ ಅರ್ಧ ಇಳಿದಿರುತ್ತದೆ. ಲಗ್ನದ ಸೀಸನ್ನಿನಲ್ಲಿ ಹತ್ತು ದಿನ ಜಾಸ್ತಿ ಹಿಡಿಯುತ್ತದೆ, ಕಾರ್ಡಿನ ಕೆಲಸ ಮೊದಲು. ಅರ್ಧ ದುಡ್ಡು ಅಡ್ವಾನ್ಸ್, ಫೋನ್‌ಪೇ ನಡೆಯುತ್ತದೆ. ಆಪರೇಟರ್ ಹುಡುಗ ರಜೆಯಲ್ಲಿದ್ದರೆ ಪೆನ್‌ಡ್ರೈವ್ ಕೊಡದೆ ವಾಪಸ್ ಬಂದು ಇನ್ನೊಂದು ದಿನ ಹೋಗಿ.